ಪಿಯುಸಿ ವಿಜ್ಞಾನದ ನಂತರ ಶಿಕ್ಷಕರಾಗಲು ಪ್ರವೇಶ ಪರೀಕ್ಷೆ ಕಡ್ಡಾಯವೇ?

ನೀವು ಆರಿಸಿಕೊಳ್ಳುವ ಮಾರ್ಗದ ಮೇಲೆ ಇದು ನಿಂತಿದೆ. ಪಿಯುಸಿ ಮುಗಿಸಿ ನೇರವಾಗಿ ನಾಲ್ಕು ವರ್ಷಗಳ ಸಂಯೋಜಿತ ಬಿ.ಎಸ್ಸಿ. ಬಿ.ಇಡಿ. (ಐಟೆಪ್) ಸೇರಬಯಸುವವರು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2023ರಿಂದ ನಡೆಸುತ್ತಿರುವ ರಾಷ್ಟ್ರೀಯ ಸಾಮಾನ್ಯ ಪ್ರವೇಶ ಪರೀಕ್ಷೆ (ಎನ್‌ಸಿಇಟಿ) ಬರೆಯಬೇಕು. ಭಾಷೆ, ಐಚ್ಛಿಕ ವಿಷಯಗಳು ಹಾಗೂ ಸಾಮಾನ್ಯ ಜ್ಞಾನದ ಜೊತೆಗೆ ಬೋಧನಾ ಅಭಿರುಚಿಯನ್ನೂ ಅಳೆಯುವ ಈ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿದೆ ಎಂಬುದನ್ನು ಗ್ರಾಮೀಣ ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿದಿರಬೇಕು.

ಬಿ.ಎಸ್ಸಿ. ಮುಗಿಸಿ ಎರಡು ವರ್ಷಗಳ ಬಿ.ಇಡಿ. ಮಾಡುವುದು ಇನ್ನೊಂದು ಮಾರ್ಗ. ಕರ್ನಾಟಕದ ಸರ್ಕಾರಿ ಕೋಟಾದ ಸೀಟುಗಳಿಗೆ ಪ್ರವೇಶ ಪರೀಕ್ಷೆಯಿಲ್ಲ. ಪದವಿಯ ಅಂಕಗಳ ಆಧಾರದ ಮೇಲೆ ಕೇಂದ್ರೀಕೃತ ದಾಖಲಾತಿ ನಡೆಯುತ್ತದೆ. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 50 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದರಲ್ಲಿ ರಿಯಾಯಿತಿ ಇದೆ. ಎಂಜಿನಿಯರಿಂಗ್ ಪದವೀಧರರಿಗೂ ಅರ್ಹತೆಯಿದೆ, ಆದರೆ ಅವರಿಗೆ ಶೇ. 55 ಅಂಕ ಅಗತ್ಯ.

ಪದವಿಯ ವಿಷಯ ಸಂಯೋಜನೆಯನ್ನು ಆರಿಸುವಾಗಲೇ ಎಚ್ಚರ ವಹಿಸಿ, ಏಕೆಂದರೆ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಹುದ್ದೆಗಳು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ವಿಂಗಡಣೆಯಾಗಿರುತ್ತವೆ. ಆರರಿಂದ ಎಂಟನೇ ತರಗತಿಗೆ ಬೋಧಿಸಲು ಬಿ.ಇಡಿ. ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ಅರ್ಹತೆಯೂ ಬೇಕು. ಒಂದರಿಂದ ಐದನೇ ತರಗತಿಯ ಹುದ್ದೆಗಳಿಗಾದರೋ, 2023ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಬಿ.ಇಡಿ. ಅರ್ಹತೆಯೆನಿಸುವುದಿಲ್ಲ.