ಸಾಕೆ ಮತ್ತು ರಮ್ ಬೆರೆಸಿದಾಗ ಸಾಕೆಯ ರುಚಿ ಏಕೆ ಮಾಯವಾಗುತ್ತದೆ?

ಜಪಾನಿನ ಅಕ್ಕಿಮದ್ಯವಾದ ಸಾಕೆ ಮತ್ತು ಬಿಳಿ ರಮ್ಮನ್ನು ಸಮಸಮ ಹಾಕಿ, ಒಂದಿಡೀ ನಿಂಬೆಹಣ್ಣು ಹಿಂಡಿದಾಗ ರಮ್ ಮತ್ತು ಹುಳಿಯಷ್ಟೇ ಬಾಯಿಗೆ ಸಿಕ್ಕಿತು, ಸಾಕೆ ಹಾಕಿದ್ದೇ ತಿಳಿಯಲಿಲ್ಲ ಎಂದು ತಾವು ಬರೆದಿದ್ದೀರಿ. ಮೊದಲ ಸಲ ನಾನು ಮಾಡಿದ್ದೂ ಇದನ್ನೇ, ಅದೂ ಕಪ್ಪು ರಮ್ ಸುರಿದು. ಸುಟ್ಟ ಸಕ್ಕರೆಯ ಆ ವಾಸನೆಯ ಮುಂದೆ ಸಾಕೆ ಬರೀ ನೀರಿನ ಕೆಲಸ ಮಾಡಿತು.

ಸಾಕೆಯನ್ನು ಅಕ್ಕಿಯಿಂದ, ಕೋಜಿ ಎಂಬ ಬೂಷ್ಟಿನ ನೆರವಿನಿಂದ ಹುದುಗಿಸಿ ತೆಗೆಯುತ್ತಾರೆ, ಬಟ್ಟಿ ಇಳಿಸುವುದಿಲ್ಲ. ಆದ್ದರಿಂದ ಅದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 15ರ ಆಸುಪಾಸಿನಲ್ಲಿರುತ್ತದೆ. ಕಾಕಂಬಿಯಿಂದಲೋ ಕಬ್ಬಿನ ಹಾಲಿನಿಂದಲೋ ಬಟ್ಟಿ ಇಳಿಸಿದ ರಮ್ಮಿನಲ್ಲಿ ಅದು ಶೇ. 40ರಷ್ಟು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸಾಕೆಯಲ್ಲಿ ಹುಳಿ ದ್ರಾಕ್ಷಿಯ ವೈನಿಗಿಂತ ಬಹಳ ಕಡಿಮೆ. ಅದರ ಸೊಗಸಿರುವುದು ಅಕ್ಕಿಯ ಮೆಲುಸಿಹಿಯಲ್ಲಿ ಮತ್ತು ಅಮೈನೋ ಆಮ್ಲಗಳಿಂದ ಬರುವ ಉಮಾಮಿ ಎಂಬ, ಅಣಬೆಯ ಸಾರಿನಂಥ ತುಂಬುರುಚಿಯಲ್ಲಿ, ಇವೆರಡೂ ನಿಂಬೆರಸದ ಅಬ್ಬರಕ್ಕೆ ಬಹಳ ಬೇಗ ಮಣಿಯುತ್ತವೆ. ಹಾಗಾಗಿ ರಮ್ಮನ್ನು ಅರ್ಧಕ್ಕಿಳಿಸಿ, ನಿಂಬೆಯನ್ನು ಅದಕ್ಕಿಂತಲೂ ಕಡಿಮೆ ಮಾಡಬೇಕು.

ನಾನು ಈಗ ಅನುಸರಿಸುವ ಅಳತೆ ಇದು: ಸಾಕೆ 60 ಮಿ.ಲೀ., ಬಿಳಿ ರಮ್ 30 ಮಿ.ಲೀ., ಆಗಷ್ಟೇ ಹಿಂಡಿ ಸೋಸಿದ ನಿಂಬೆರಸ 15 ಮಿ.ಲೀ., ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಕರಗಿಸಿದ ಪಾಕ 10 ಮಿ.ಲೀ. ಇದಕ್ಕೆ ನಾಲ್ಕೈದು ಕಾಳು ಉಪ್ಪನ್ನು ಹಾಕುವುದು ನನ್ನದೇ ಚಟ. ಉಪ್ಪಿನ ರುಚಿ ತಿಳಿಯಬಾರದು, ಆದರೆ ಅಕ್ಕಿಯ ಸಿಹಿ ಮುಂದೆ ಬರುತ್ತದೆ. ಇದೆಲ್ಲವನ್ನೂ ಐಸಿನೊಂದಿಗೆ ಕುಲುಕಲು ಶೇಕರ್ ಇಲ್ಲದಿದ್ದರೆ ಬಿಗಿಯಾದ ಮುಚ್ಚಳದ ಗಾಜಿನ ಜಾಡಿ ಸಾಕು. ಐಸ್ ತುಂಡುಗಳು ದೊಡ್ಡದಾಗಿ, ಗಟ್ಟಿಯಾಗಿ, ಫ್ರೀಜರಿನಿಂದ ಆಗಷ್ಟೇ ತೆಗೆದಂಥವಾಗಿರಲಿ. ಬರೀ ಗಟ್ಟಿ ಮದ್ಯದ ಕಾಕ್‌ಟೇಲನ್ನು ಕುಲುಕಿದಷ್ಟು ಹೊತ್ತು ಇದನ್ನು ಕುಲುಕಿದರೆ, ಮೊದಲೇ ತೆಳುವಾದ ಸಾಕೆ ಕರಗಿದ ಐಸಿನಿಂದ ಇನ್ನಷ್ಟು ತೆಳುವಾಗುತ್ತದೆ. ಎಂಟು-ಹತ್ತು ಸೆಕೆಂಡಿನಲ್ಲಿ ಜಾಡಿಯ ಹೊರಮೈ ಮಂಜುಗಟ್ಟಿ ಬೆರಳು ಜುಮ್ಮೆನ್ನತೊಡಗಿದಾಗ ನಿಲ್ಲಿಸಿ, ಮೊದಲೇ ತಣ್ಣಗಾಗಿಸಿಟ್ಟ ಲೋಟಕ್ಕೆ ಸೋಸಿಕೊಳ್ಳಿ.

ಸಾಕೆಯ ಆಯ್ಕೆಯಲ್ಲಿ, ಅಕ್ಕಿಯನ್ನು ಕನಿಷ್ಠ ಅರ್ಧದಷ್ಟು ಉಜ್ಜಿ ತೆಗೆದು ಮಾಡಿದ ದುಬಾರಿ ದೈಗಿಂಜೊವನ್ನು ಇದಕ್ಕೆ ಬಳಸುವುದು ದಂಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರ ನವಿರಾದ ಹಣ್ಣಿನ ಪರಿಮಳ ನಿಂಬೆಯೆದುರು ಉಳಿಯುವುದಿಲ್ಲ. ಹೊರಗಿನ ಆಲ್ಕೋಹಾಲ್ ಸೇರಿಸದ, ತುಸು ಮೈತುಂಬಿದ ಜುನ್‌ಮಾಯ್ ಇದಕ್ಕೆ ಸರಿಹೊಂದುತ್ತದೆ. ಮಡ್ಡಿ ಉಳಿಸಿದ ನಿಗೊರಿಯಾದರೆ ಬಾಟಲಿಯನ್ನು ಮೆಲ್ಲನೆ ತಿರುಗಿಸಿ ಮಡ್ಡಿ ಬೆರೆಸಿಕೊಳ್ಳಬೇಕು, ಪಾಕವನ್ನು ಅರ್ಧಕ್ಕೆ ಇಳಿಸಬೇಕು.

ಕುಡಿಯುವಾಗ ಇದು ಹಗುರವೆನಿಸುತ್ತದೆ, ಆದರೆ ಅದನ್ನು ನಂಬಬೇಡಿ: ಸಾಕೆಯಿಂದ 9 ಮಿ.ಲೀ., ರಮ್ಮಿನಿಂದ 12 ಮಿ.ಲೀ. ಸೇರಿ ಒಂದು ಲೋಟದಲ್ಲಿ 21 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ, ಅಂದರೆ 50 ಮಿ.ಲೀ.ಗಿಂತ ತುಸು ಹೆಚ್ಚು ರಮ್ ಕುಡಿದಂತೆಯೇ. ಉಳಿದ ಸಾಕೆಯನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸಿ; ರಮ್ ಬಾಟಲಿಗೆ ಆ ಅವಸರವಿಲ್ಲ.