ಬೀಟೆ ಕಪಾಟಿನ ವೆನೀರ್ ಎದ್ದಿದ್ದರೆ ಫೆವಿಕಾಲ್ ಬೇಡ
ಇಂಗ್ಲೆಂಡಿನ ಹರಾಜಿನಲ್ಲಿ ಕೊಂಡ, 1820ರ ಆಸುಪಾಸಿನ ರೋಸ್‌ವುಡ್ (ಬೀಟೆ) ಪುಸ್ತಕದ ಕಪಾಟಿನ ಅಂಚಿನಲ್ಲಿ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ, ಎದ್ದಿದೆ, ಫೆವಿಕಾಲ್ ಹಾಕಿ ಉಪ್ಪುಕಾಗದದಲ್ಲಿ ಉಜ್ಜಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಆ ಕಾಲದ ಇಂಗ್ಲಿಷ್ ಕುಶಲಕರ್ಮಿಗಳು ಇಡೀ ಕಪಾಟನ್ನು ಬೀಟೆಯಲ್ಲೇ ಮಾಡಿದ್ದು ಅಪರೂಪ. ಒಳಗಿನ ಮೈ ಪೈನ್ ಅಥವಾ ಮಹಾಗನಿ. ಮೇಲೆ ಗರಗಸದಲ್ಲಿ ಸೀಳಿದ ತೆಳು ಬೀಟೆ ಹಾಳೆ. ಅಂಟಿಸಿದ್ದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಸರೇಸಿನಲ್ಲಿ. ಹೀಟರ್ ಶಾಖಕ್ಕೆ ಒಳಮರ ಕುಗ್ಗಿ, ಒಣಗಿದ ಸರೇಸು ಬಿರಿಯುತ್ತದೆ. ಸರೇಸಿಗೆ ಇನ್ನೊಂದು ಗುಣವಿದೆ: ಬಿಸಿ, ತೇವ ತಾಗಿದರೆ ಮತ್ತೆ ಬಿಟ್ಟುಕೊಡುತ್ತದೆ, ಹಾಗಾಗಿ ಬಿಚ್ಚಿ ಮತ್ತೆ ಅಂಟಿಸಬಹುದು. ಫೆವಿಕಾಲ್‌ನಂಥ ಬಿಳಿ ಅಂಟು ಮರದ ರಂಧ್ರಕ್ಕಿಳಿದರೆ ಮುಂದೆ ಸರೇಸು ಅಲ್ಲಿ ಹಿಡಿಯುವುದೇ ಇಲ್ಲ.

ತೆಳು ಅಲಗಿನಿಂದ ಒಳಗಿನ ಧೂಳು ತೆಗೆಯಿರಿ. ಸರೇಸಿನ ಹರಳನ್ನು ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿಗೆ ಕರಗಿಸಿ. ಕುದಿಸಿದರೆ ಹಿಡಿತ ಹೋಗುತ್ತದೆ. ಸವರಿ, ಮೇಣದ ಕಾಗದ ಹೊದಿಸಿ, ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿಯಿರಿ. ಹೊರಚೆಲ್ಲಿದ್ದನ್ನು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. 24 ಗಂಟೆ ಮುಟ್ಟಬೇಡಿ.

ಮರದಲ್ಲಿ ಅಲಂಕಾರಕ್ಕೆ ಕೂರಿಸಿದ ಹಿತ್ತಾಳೆ ಪಟ್ಟಿಯೂ ಎದ್ದಿದ್ದರೆ ಎಳೆಯಬೇಡಿ, ಒಮ್ಮೆ ಬಾಗಿದರೆ ಸಮವಾಗಿ ಕೂರುವುದಿಲ್ಲ, ಪಳಗಿದವರಿಗೇ ಕೊಡಿ. ಹೊಳಪು ಬಹುಶಃ ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಉಪ್ಪುಕಾಗದವಂತೂ ಇನ್ನೂರು ವರ್ಷದ ಬಣ್ಣವನ್ನೇ ತಿಂದುಹಾಕುತ್ತದೆ.

ಊರಿಗೆ ತರುವ ಯೋಚನೆಯಿದ್ದರೆ ಮೊದಲು ಮರ ಯಾವುದೆಂದು ಗುರುತಿಸಿಕೊಳ್ಳಿ: ಬ್ರೆಜಿಲ್ ಬೀಟೆ 1992ರಿಂದ ಸೈಟಿಸ್ (ಅಳಿವಿನಂಚಿನ ಜೀವಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿದೆ, ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ.