ಯುದ್ಧದಿಂದಲೇ ಬದಲಾಯಿತು ಅನ್ನೋ ಪ್ರಬಂಧ ವಾಪಸ್ ಬಂದಿದ್ದಕ್ಕೆ

ಯುದ್ಧದಿಂದಲೇ ಎಲ್ಲ ಬದಲಾಯಿತು ಅಂತ ನೀವು ಬರೆದ ಪ್ರಬಂಧ ಯಾಕೆ ವಾಪಸ್ ಬಂತು ಅಂತ ಕೇಳಿದ್ದೀರಿ. ಕಾರಣ ಬಹುಶಃ ಅದರಲ್ಲಿನ ಈ ಸಾಲು: 'ಮೊದಲ ಮಹಾಯುದ್ಧದಲ್ಲಿ ದುಡಿದಿದ್ದಕ್ಕೆ ಬ್ರಿಟನ್ನಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು'. ಯುದ್ಧದ ನಂತರ ಆಗಿದ್ದನ್ನೆಲ್ಲ ಯುದ್ಧದ ಲೆಕ್ಕಕ್ಕೇ ಬರೆದಿದ್ದೀರಿ.

ಮೊದಲು 1914ಕ್ಕಿಂತ ಹಿಂದಿನ ಸ್ಥಿತಿ ಒಂದು ಪ್ಯಾರಾ ಸೇರಿಸಿ. ಮತದ ಹೋರಾಟಕ್ಕೆ ಆಗಲೇ ದಶಕಗಳ ವಯಸ್ಸಾಗಿತ್ತು.

ಆಮೇಲೆ ಕಾನೂನಿನ ವಿವರಕ್ಕೆ ಇಳಿಯಿರಿ, ಮಜಾ ಇರೋದೇ ಅಲ್ಲಿ. 1918ರಲ್ಲಿ ಮತ ಸಿಕ್ಕಿದ್ದು 30 ತುಂಬಿದ, ತಾವೋ ಗಂಡನೋ ಮನೆ-ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಅದಕ್ಕಿಂತ ಚಿಕ್ಕವರು! ಗಂಡಸರಂತೆ 21ಕ್ಕೇ ಮತ ಬಂದಿದ್ದು 1928ರಲ್ಲಿ. ದುಡಿಮೆಗೆ ಬಹುಮಾನ ಅನ್ನೋ ವಾದ ಇಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಮೂರನೆಯದು, ಫ್ರಾನ್ಸ್ ಜೊತೆ ಹೋಲಿಸಿ. ಅದೇ ಯುದ್ಧ, ಅಲ್ಲೂ ಹೆಂಗಸರು ದುಡಿದರು. ಮತದ ಹಕ್ಕು ಬಂದಿದ್ದು ಮಾತ್ರ 1944ರಲ್ಲಿ.

ಈಗ ಯುದ್ಧ ನಿಜವಾಗಿ ಮಾಡಿದ್ದೇನು ಅಂತ ಬರೆಯಿರಿ. ಬ್ರಿಟನ್ನಿನಲ್ಲಿ ಮತದಾರರಾಗಲು ಒಂದೇ ಕಡೆ 12 ತಿಂಗಳು ವಾಸವಿರಬೇಕಿತ್ತು. ಹೊರದೇಶದಲ್ಲಿದ್ದ ಸೈನಿಕರು ಈ ನಿಯಮಕ್ಕೆ ಸಿಕ್ಕಿ ಮತ ಕಳೆದುಕೊಳ್ಳುವಂತಾಯಿತು. ಹಾಗಾಗಿ ಕಾನೂನನ್ನೇ ತಿದ್ದಬೇಕಾಯಿತು, ಹೆಂಗಸರ ಪ್ರಶ್ನೆಯೂ ಅದರ ಜೊತೆ ಮೇಜಿಗೆ ಬಂತು. ಯುದ್ಧವಿಲ್ಲದಿದ್ದರೆ ಇದು ಎಷ್ಟು ತಡವಾಗುತ್ತಿತ್ತು ಅನ್ನೋದರ ಬಗ್ಗೆ ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಅದನ್ನೂ ಹಾಗೇ ಬರೆಯಿರಿ.

ಯುದ್ಧದ ನೇರ ಪರಿಣಾಮದ ಉದಾಹರಣೆ ಬೇಕಿದ್ದರೆ ಬ್ರಿಟನ್ನಿನ ಆದಾಯ ತೆರಿಗೆಯದ್ದು ಕೊಡಿ: ಯುದ್ಧಕ್ಕೆ ಮೊದಲು ಶೇ. 6ರ ಆಸುಪಾಸಿನಲ್ಲಿದ್ದ ಸಾಮಾನ್ಯ ದರ 1918ಕ್ಕೆ ಶೇ. 30ಕ್ಕೆ ಏರಿತು.